‘ಅಪರೂಪ’ ಎಂಬ ಪದದ ಚರಿತ್ರೆ: ಹೃದಯದ ನಾಳ ತಾನಾಗಿ ಸೀಳುವ ಕಾಯಿಲೆ ಮತ್ತು ರೋಗಿಗಳ ದಾಖಲೆ

ಕನ್ನಡ ಎಂ.ಎ. ಓದುವವರಿಗೆ ಹೃದಯದ ಕಾಯಿಲೆಯಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನನ್ನ ಕುತೂಹಲ ಇರುವುದು ಒಂದು ಪದದ ಮೇಲೆ. ಸ್ಪಾಂಟೇನಿಯಸ್ ಕರೋನರಿ ಆರ್ಟರಿ ಡಿಸೆಕ್ಷನ್, ಚಿಕ್ಕದಾಗಿ ‘ಸ್ಕ್ಯಾಡ್’, ಎಂಬ ಕಾಯಿಲೆಯನ್ನು ವೈದ್ಯಕೀಯ ಬರಹಗಳು ಸುಮಾರು ಎಂಬತ್ತು ವರ್ಷ ‘ಅಪರೂಪ’ ಎಂದೇ ಕರೆದವು. ಆ ಪದ ಕಾಯಿಲೆಯ ಗುಣವನ್ನು ಹೇಳುತ್ತಿತ್ತೋ, ದಾಖಲೆಯ ಕೊರತೆಯನ್ನೋ?

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಹೃದಯಕ್ಕೆ ರಕ್ತ ಕೊಡುವ ನಾಳದ ಗೋಡೆ ಪದರ ಪದರವಾಗಿ ಉಂಟು. ಯಾವ ಪೆಟ್ಟೂ ಬೀಳದೆ ಆ ಪದರಗಳ ನಡುವೆ ರಕ್ತ ಸೇರುತ್ತದೆ, ಗೋಡೆ ಒಳಕ್ಕೆ ಉಬ್ಬುತ್ತದೆ, ರಕ್ತದ ದಾರಿ ಮುಚ್ಚುತ್ತದೆ. ಅಂದ್ರೆ ಇದೂ ಹೃದಯಾಘಾತವೇ, ಆದರೆ ಕೊಬ್ಬು ಕಟ್ಟಿ ಬರುವಂಥದ್ದಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳು ಮಹಿಳೆಯರು, ಹೆಚ್ಚಿನವರು ನಲವತ್ತು-ಐವತ್ತರ ಆಸುಪಾಸಿನವರು. ಅನೇಕರಿಗೆ ಸಿಗರೇಟು, ಸಕ್ಕರೆ ಕಾಯಿಲೆ ಯಾವುದೂ ಇರುವುದಿಲ್ಲ. ಹಾಗಾಗಿಯೇ ಎದೆನೋವು ಅಂತ ಬಂದವರನ್ನು ‘ಗಾಬರಿ ಅಷ್ಟೇ, ಗ್ಯಾಸ್ ಅಷ್ಟೇ’ ಎಂದು ಮನೆಗೆ ಕಳಿಸಿದ ಕತೆಗಳು ಈ ಕಾಯಿಲೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಮೊದಲ ವರದಿ 1931ರದ್ದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಿಟಿ ಎಂಬ ವೈದ್ಯರು ಬರೆದದ್ದು. ರೋಗಿ 42 ವರ್ಷದ ಹೆಂಗಸು, ಕಾರಣ ತಿಳಿದದ್ದು ಶವಪರೀಕ್ಷೆಯಲ್ಲಿ. ಇದು ಮುಖ್ಯ. ಆರಂಭದಲ್ಲಿ ಸತ್ತವರ ದೇಹದಲ್ಲಿ ಮಾತ್ರ ಕಂಡ ಕಾಯಿಲೆ ಇದು. ಬದುಕಿ ಉಳಿದವರು ದಾಖಲೆಗೆ ಬರುವ ದಾರಿಯೇ ಇರಲಿಲ್ಲ. ಆಮೇಲೆ ಆಂಜಿಯೋಗ್ರಾಮ್ ಬಂತು, ನಿಜ. ಆದರೆ ಆಂಜಿಯೋಗ್ರಾಮ್ ತೋರಿಸುವುದು ನಾಳದೊಳಗೆ ಬಣ್ಣದ ದ್ರವ ಹರಿಯುವ ಜಾಗವನ್ನು. ಗೋಡೆಯೊಳಗೆ ಏನಾಗಿದೆ ಎಂದು ಅದು ನೇರವಾಗಿ ಹೇಳುವುದಿಲ್ಲ. ವ್ಯಾಂಕೂವರ್‌ನ ಜಾಕ್ವೆಲಿನ್ ಸಾ 2014ರಲ್ಲಿ ಮಾಡಿದ ವರ್ಗೀಕರಣ ನೋಡಿದರೆ ಇದು ಸ್ಪಷ್ಟ. ಸೀಳು ಗೆರೆಯಾಗಿ ಎದ್ದು ಕಾಣುವುದು ಮೊದಲ ಬಗೆ. ನಾಳ ಉದ್ದಕ್ಕೂ ನಯವಾಗಿ ಸಣ್ಣಗಾಗುವುದು ಎರಡನೆಯದು. ಕೊಬ್ಬಿನ ಅಡ್ಡಿಯಂತೆಯೇ ಕಾಣುವುದು ಮೂರನೆಯದು. ವೈದ್ಯರು ಹುಡುಕುತ್ತಿದ್ದದ್ದು ಮೊದಲನೆಯದನ್ನು, ರೋಗಿಗಳಲ್ಲಿ ಹೆಚ್ಚಾಗಿ ಇರುವುದು ಎರಡನೆಯದು! ಚಿತ್ರ ಕೈಯಲ್ಲಿದ್ದೂ ಓದಲು ಬರಲಿಲ್ಲ. ಹಳೆಯ ಶಾಸನದಲ್ಲಿ ಒಂದು ಅಕ್ಷರದ ರೂಪ ಗೊತ್ತಿಲ್ಲದಿದ್ದರೆ ಇಡೀ ಸಾಲು ತಪ್ಪಾಗಿ ಓದುತ್ತೇವಲ್ವಾ, ಹಾಗೆ.

ಇನ್ನೊಂದು ತಪ್ಪು ಓದು ಬಾಣಂತಿಯರ ಬಗ್ಗೆ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಬರುವ ಹೃದಯಾಘಾತಕ್ಕೆ ಸ್ಕ್ಯಾಡ್ ಒಂದು ದೊಡ್ಡ ಕಾರಣ. ಇಂಥ ಪ್ರಕರಣಗಳು ಮನ ಕಲಕುವಂಥವು, ಅಚ್ಚಿಗೂ ಬೇಗ ಹೋದವು. ಪರಿಣಾಮ, ಇದು ಬಾಣಂತಿ ಕಾಯಿಲೆ ಎಂಬ ಭಾವನೆ ಬೆಳೆಯಿತು. ದೊಡ್ಡ ಪಟ್ಟಿಗಳು ಸಿದ್ಧವಾದ ಮೇಲೆ ಗೊತ್ತಾದದ್ದು, ಹೆಚ್ಚಿನ ರೋಗಿಗಳಿಗೂ ಹೆರಿಗೆಗೂ ಸಂಬಂಧವಿಲ್ಲ.

ಈ ದೊಡ್ಡ ಪಟ್ಟಿಗಳು ಬಂದದ್ದು ಎಲ್ಲಿಂದ? ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ ಭಾಗ ಇದೇ. ಅಮೆರಿಕದಲ್ಲಿ ಈ ಕಾಯಿಲೆಯಿಂದ ಪಾರಾದ ಮಹಿಳೆಯರು ಇಂಟರ್‌ನೆಟ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ‘ನಿಮ್ಮಂಥವರು ಬೇರೆ ಯಾರೂ ಇಲ್ಲ’ ಎಂಬ ಮಾತನ್ನು ಕೇಳಿ ಬಂದವರಿಗೆ ಅಲ್ಲಿ ಡಜನ್ನುಗಟ್ಟಲೆ ‘ಯಾರೂ ಇಲ್ಲದವರು’ ಸಿಕ್ಕರು. 2009ರಲ್ಲಿ ಅವರು ಮೇಯೊ ಕ್ಲಿನಿಕ್‌ನ ಹೃದ್ರೋಗ ತಜ್ಞೆ ಶರಾನ್ ಹೇಯ್ಸ್ ಅವರನ್ನು ಕಂಡು, ನಮ್ಮ ಮೇಲೆ ಸಂಶೋಧನೆ ಮಾಡಿ ಎಂದು ಕೇಳಿದರು. ಪ್ರಾಯೋಗಿಕ ಅಧ್ಯಯನಕ್ಕೆ 12 ಮಹಿಳೆಯರು. ಯಾರೂ ಆಸ್ಪತ್ರೆಗೆ ಬರಬೇಕಾಗಿರಲಿಲ್ಲ. ಅವರವರ ಊರಿನ ಆಸ್ಪತ್ರೆಯ ಕಡತ, ಆಂಜಿಯೋಗ್ರಾಮ್ ಪ್ರತಿಗಳನ್ನು ತರಿಸಿಕೊಂಡು ಓದಿದರು. 2011ರಲ್ಲಿ ಅದು ಪ್ರಕಟವಾಯಿತು. ಅಲ್ಲಿಂದ ಬೆಳೆದ ನೋಂದಣಿಯಲ್ಲಿ ಸಾವಿರಕ್ಕೂ ಮಿಕ್ಕಿ ರೋಗಿಗಳು ಸೇರಿದರು. ಬ್ರಿಟನ್ನಿನ ಲೆಸ್ಟರ್‌ನಲ್ಲಿ ಡೇವಿಡ್ ಆ್ಯಡ್ಲಮ್ ಅವರ ಕೆಲಸವೂ ಹೀಗೆಯೇ, ರೋಗಿಗಳೇ ಬಾಗಿಲು ತಟ್ಟಿದ ಮೇಲೆ ಶುರುವಾದದ್ದು. 2018ರಲ್ಲಿ ಅಮೆರಿಕ ಮತ್ತು ಯುರೋಪಿನ ಹೃದ್ರೋಗ ಸಂಘಗಳು ಬೇರೆ ಬೇರೆಯಾಗಿ ತಮ್ಮ ಹೇಳಿಕೆಗಳನ್ನು ಹೊರಡಿಸಿದವು. ಐವತ್ತರೊಳಗಿನ ಮಹಿಳೆಯರ ಹೃದಯಾಘಾತಗಳಲ್ಲಿ ಶೇಕಡ 35ರಷ್ಟಕ್ಕೂ ಇದೇ ಕಾರಣ ಇರಬಹುದು ಎಂಬ ಅಂದಾಜು ಆ ಹೊತ್ತಿಗೆ ಬಂದಿತ್ತು. ‘ಅಪರೂಪ’ ಎಲ್ಲಿ ಹೋಯಿತು?

ಪದದ ಜಗಳ ಮಾತ್ರ ಅಂತ ತಿಳಿಯಬೇಡಿ. ಕೊಬ್ಬಿನ ಅಡ್ಡಿ ಎಂದುಕೊಂಡು ತಂತಿ ತೂರಿಸಿ ಸ್ಟೆಂಟ್ ಹಾಕಲು ಹೋದರೆ ಸೀಳು ಇನ್ನಷ್ಟು ಉದ್ದವಾಗುವ ಅಪಾಯ ಇದೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ಕಾಯುವುದು ಮೇಲು, ಯಾಕೆಂದರೆ ಬಹುಪಾಲು ನಾಳಗಳು ವಾರ-ತಿಂಗಳುಗಳಲ್ಲಿ ತಾವೇ ಕೂಡಿಕೊಳ್ಳುತ್ತವೆ. ತಾನಾಗಿ ಸೀಳಿದ್ದು ತಾನಾಗಿ ಮಾಯುತ್ತದೆ. ರಕ್ತ ಹರಿವು ಪೂರ್ತಿ ನಿಂತಿದ್ದರೆ ಮಾತು ಬೇರೆ.

ಮೂಲ ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ. ಕುತ್ತಿಗೆ, ಮೂತ್ರಪಿಂಡದ ನಾಳಗಳಲ್ಲೂ ದೋಷ ಇರುವವರು ಈ ರೋಗಿಗಳಲ್ಲಿ ಬಹಳ. 2019ರಲ್ಲಿ ಆ್ಯಡ್ಲಮ್ ತಂಡ ಆರನೆಯ ವರ್ಣತಂತುವಿನ ಒಂದು ಜಾಗವನ್ನು ಗುರುತಿಸಿತು. ಅಲ್ಲಿನ ಒಂದು ರೂಪ ಕೊಬ್ಬಿನ ಹೃದ್ರೋಗದ ಸಾಧ್ಯತೆ ಹೆಚ್ಚಿಸಿದರೆ, ಅದರ ಎದುರು ರೂಪ ಸ್ಕ್ಯಾಡ್‌ನದ್ದು. ಎರಡೂ ಬೇರೆ ಬೇರೆ ಕಾಯಿಲೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಗಡಿನಾಡಿನವಳಾಗಿ ಒಂದು ಮಾತು. ನೋಂದಣಿಗೆ ಕಡತ ಅಂಚೆಯಲ್ಲಿ ಹೋದರೆ ಸಾಕು, ದೂರ ಲೆಕ್ಕಕ್ಕಿಲ್ಲ. ಎದೆನೋವಿನ ರಾತ್ರಿಗೆ ದೂರವೇ ಲೆಕ್ಕ. ಕಾಸರಗೋಡಿನ ನಮಗೆ ತಜ್ಞರ ಆಸ್ಪತ್ರೆ ಅಂದ್ರೆ ಮಂಗಳೂರು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ನಿಂತವು, ರೋಗಿಗಳು ತೀರಿಕೊಂಡ ವರದಿಗಳು ಬಂದವು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆಚೆ ಒಂದು ಆಸ್ಪತ್ರೆಯ ಕಡತ, ಈಚೆ ಇನ್ನೊಂದರ ಕಡತ. ರೋಗಿ ಹೇಳಿಕೊಂಡದ್ದು ಕನ್ನಡದಲ್ಲೋ ತುಳುವಿನಲ್ಲೋ, ಬರೆದದ್ದು ಇಂಗ್ಲಿಷಿನಲ್ಲಿ. ‘ಎದೆ ಹಿಂಡಿದ ಹಾಗೆ’, ‘ಬೆನ್ನಿಗೆ ಎಳೆದ ಹಾಗೆ’ ಎಂದು ಒಬ್ಬ ಹೆಂಗಸು ಹೇಳಿದ್ದು ಆ ಕಡತದಲ್ಲಿ ಏನಾಗಿ ಇಳಿಯುತ್ತದೆ ಎಂದು ನೋಡಲು ನಮ್ಮ ವಿಭಾಗದವರೇ ಒಬ್ಬರು ಕೂರಬಹುದು. ಪ್ರಶ್ನೆಗಳಿದ್ದರೆ ಕೇಳಿ.