ಗಂಟೆಗೆ 20 ರೂಪಾಯಿಯ ಯುದ್ಧ

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಳೆ ಅಂಗಡಿ, ತೊಟ್ಟಿಲು, ಮಂಡಕ್ಕಿ-ಮೆಣಸಿನಕಾಯಿಯ ಜೊತೆಗೆ ಬಲೂನು ಹೊಡೆಯುವ ಅಂಗಡಿಯೂ ಬರುತ್ತದೆ. ಹಲಗೆಯ ತುಂಬ ಬಲೂನು, ಎದುರಿಗೊಂದು ಮೇಜು, ಮೇಜಿನ ಮೇಲೆ ಏರ್‌ಗನ್. ಎತ್ತಲಾಗದ ಮಗುವಿಗೆ ಅಂಗಡಿಯವನೇ ಬಂದೂಕಿನ ಹಿಡಿಯನ್ನು ಭುಜಕ್ಕೆ ಒತ್ತಿಕೊಟ್ಟು, ‘ಒಂದು ಕಣ್ಣು ಮುಚ್ಚಪ್ಪಾ’ ಅನ್ನುತ್ತಾನೆ. ಅಪ್ಪ ಪಕ್ಕದಲ್ಲಿ ನಿಂತು ನಗುತ್ತಿರುತ್ತಾನೆ. ತನ್ನ ಮಗ ಮುಂದೆ ಕೊಲೆಗಡುಕನಾದಾನು ಎಂದು ಅಲ್ಲಿ ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ. ಮಕ್ಕಳ ಕೈಗೆ ಬಂದೂಕು ಕೊಟ್ಟು ಕಾಸು ಎಣಿಸುವ ವ್ಯಾಪಾರ ನಮ್ಮೂರಿಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಆ ವ್ಯಾಪಾರದಲ್ಲಿ ನಾನೂ ಇದ್ದವಳು. 2000ದ ಆಚೀಚೆ ನಾನೂ ನಮ್ಮ ಯಜಮಾನರೂ ಪಿ.ಜೆ. ಬಡಾವಣೆಯಲ್ಲಿ ಸೈಬರ್ ಸೆಂಟರ್ ತೆರೆದೆವು. ಅವರು ಮಷಿನ್ ನೋಡಿಕೊಂಡರೆ ಗಲ್ಲಾದ ಮೇಲೆ ಕೂರುತ್ತಿದ್ದವಳು ನಾನು. ಹಾಗಾಗಿ ಬಂದೂಕಿನ ಆಟಗಳ ಈ ಚರಿತ್ರೆಯನ್ನು ಗಲ್ಲಾದ ಕಡೆಯಿಂದಲೇ ಹೇಳುತ್ತೇನೆ.

ನಮಗಿಂತ ಮುಂಚೆ ಇದ್ದವು ಟಿವಿ ಗೇಮ್ ಅಂಗಡಿಗಳು. ಕಿರಾಣಿ ಅಂಗಡಿಯ ಹಿಂದಿನ ಕೋಣೆ, ಎರಡು ಹಳೆಯ ಟಿವಿ, ಜಪಾನಿನ ನಿಂಟೆಂಡೊವನ್ನು ನಕಲು ಮಾಡಿದ ಸೆಟ್ಟು, ಅದಕ್ಕೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು. 90ರ ದಶಕದ ಹುಡುಗರನ್ನು ಕೇಳಿ ನೋಡಿ, ಎಲ್ಲರ ಬಾಯಲ್ಲೂ ಒಂದೇ ಹೆಸರು: ಕೊನಾಮಿ ಕಂಪನಿಯ ‘ಕಾಂಟ್ರಾ’. 1987ರಲ್ಲಿ ಕಾಸು ಹಾಕಿ ಆಡುವ ಯಂತ್ರವಾಗಿ ಬಂದದ್ದು, ಮರುವರ್ಷ ಮನೆಯ ಟಿವಿಗೂ ಬಂತು. ಇಬ್ಬರು ಒಟ್ಟಿಗೆ ಬಂದೂಕು ಹಿಡಿದು ಕಾಡಿನಲ್ಲಿ ಓಡುವ ಆಟ. ಇರುವುದು ಮೂರೇ ಜೀವ. ಆದರೆ ಶುರುವಿನಲ್ಲಿ ಮೇಲಿನ ಗುಂಡಿ ಎರಡು ಸಲ, ಕೆಳಗಿನದು ಎರಡು ಸಲ, ಎಡ ಬಲ ಎಡ ಬಲ, ಆಮೇಲೆ ಬಿ, ಎ ಒತ್ತಿದರೆ 30 ಜೀವ. ಇಂಟರ್‌ನೆಟ್ ಇಲ್ಲದ ಊರಿನಲ್ಲಿ ಈ ಗುಟ್ಟು ಹೇಗೆ ಹಬ್ಬಿತೋ! ಅರ್ಧ ಗಂಟೆಗೆ ಇಷ್ಟು ಎಂದು ದುಡ್ಡು ಪಡೆಯುವ ಅಂಗಡಿಯವರಿಗೆ ಇದರಿಂದ ನಷ್ಟವಿರಲಿಲ್ಲ. ಆಟಕ್ಕೆ ಇಷ್ಟು ಎಂದು ಪಡೆಯುವವರು ಮಾತ್ರ ಹುಡುಗರ ಬೆರಳನ್ನೇ ಕಾಯುತ್ತಿದ್ದರು. ಈ ಲೆಕ್ಕ ಸಣ್ಣದಾಗಿ ಕಾಣುತ್ತದೆ, ಆದರೆ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಅದೇ ಕಾಂಟ್ರಾ ಯೂರೋಪಿನ ಮನೆಗಳಿಗೆ ‘ಪ್ರೊಬೊಟೆಕ್ಟರ್’ ಎಂಬ ಹೆಸರಿನಲ್ಲಿ ಹೋಯಿತು. ಜರ್ಮನಿಯವರು ಮಕ್ಕಳ ಆಟದಲ್ಲಿ ಮನುಷ್ಯರನ್ನು ಕೊಲ್ಲುವುದನ್ನು ಒಪ್ಪರೆಂದು ಸೈನಿಕರನ್ನೆಲ್ಲ ರೋಬೋಟುಗಳನ್ನಾಗಿ ಬದಲಿಸಿದ್ದರು. ಗುಂಡು ಅವೇ, ಓಟ ಅದೇ, ಗುರಿ ಅದೇ. ಸಾಯುವವರ ಚರ್ಮ ಮಾತ್ರ ಲೋಹದ್ದು.

ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ 1984ರದು. ಅದಕ್ಕೊಂದು ಪ್ಲಾಸ್ಟಿಕ್ ಬಂದೂಕು. ನಮ್ಮ ಯಜಮಾನರು ಅದನ್ನೊಮ್ಮೆ ಬಿಚ್ಚಿ ತೋರಿಸಿದ್ದರು. ಒಳಗೆ ಗುಂಡೂ ಇಲ್ಲ, ಕಿರಣವೂ ಇಲ್ಲ; ಬೆಳಕು ಗುರುತಿಸುವ ಒಂದು ಚೂರು ಅಷ್ಟೆ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಆ ಬಿಳಿ ಕಂಡರೆ ಹಕ್ಕಿ ಬಿತ್ತು. ಹುಡುಗರು ಉರಿಯುವ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡದಿರಲೆಂದೇ ಮೊದಲು ಆ ಕತ್ತಲು. ಬಂದೂಕು ಏನನ್ನೂ ಹಾರಿಸುವುದಿಲ್ಲ, ಬರೀ ನೋಡುತ್ತದೆ.

ಇಂಥ ಆಟಗಳ ಮೇಲೆ ಹೊರದೇಶದಲ್ಲಿ ನಡೆದ ಜಗಳ ಅಷ್ಟರಲ್ಲಿ ಹಳೆಯದಾಗಿತ್ತು. 1976ರಲ್ಲೇ ಅಮೆರಿಕದಲ್ಲಿ ಎಕ್ಸಿಡಿ ಕಂಪನಿಯ ‘ಡೆತ್ ರೇಸ್’ ಎಂಬ ಕಪ್ಪು-ಬಿಳುಪು ಯಂತ್ರದ ಮೇಲೆ ಗದ್ದಲ ಎದ್ದಿತ್ತು. ಕಡ್ಡಿಯಂಥ ಗೊಂಬೆಗಳ ಮೇಲೆ ಕಾರು ಹತ್ತಿಸುವ ಆಟ. ಗದ್ದಲ ಆದಷ್ಟೂ ಯಂತ್ರ ಹೆಚ್ಚು ಮಾರಾಟವಾಯಿತು. 1993ರ ಡಿಸೆಂಬರ್ 9ರಂದು ಸೆನೆಟರ್ ಜೋ ಲೀಬರ್ಮನ್ ಇನ್ನೊಂದು ಆಟದ ಪ್ಲಾಸ್ಟಿಕ್ ಬಂದೂಕನ್ನು ಸಭೆಯಲ್ಲಿ ಎತ್ತಿ ಹಿಡಿದು ಕಂಪನಿಗಳನ್ನು ತರಾಟೆಗೆ ತೆಗೆದುಕೊಂಡರು. ಮಾರನೆಯ ದಿನವೇ ‘ಡೂಮ್’ ಎಂಬ ಬಂದೂಕಿನ ಆಟ ಬಿಡುಗಡೆಯಾಯಿತು. ಆ ಸಭೆಯ ಒತ್ತಡಕ್ಕೆ 1994ರಲ್ಲಿ ಡಬ್ಬಿಯ ಮೇಲೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಮಂಡಳಿ ಹುಟ್ಟಿತು. ನಮ್ಮ ಅಂಗಡಿಗಳಿಗೆ ಆಟ ಬರುತ್ತಿದ್ದದ್ದು ಬಿಳಿ ಸಿಡಿಯಲ್ಲಿ, ಮೇಲೆ ಸ್ಕೆಚ್ ಪೆನ್ನಿನ ಹೆಸರು. ವಯಸ್ಸಿನ ಗುರುತು ನೋಡಲು ಡಬ್ಬಿ ಎಲ್ಲಿತ್ತು?

ನಮ್ಮ ಸೆಂಟರಿನಲ್ಲಿ ಎಂಟು ಕಂಪ್ಯೂಟರ್. ಜನ ಬರುತ್ತಿದ್ದದ್ದು ಮೇಲ್ ನೋಡಲು, ಸಿಇಟಿ ಫಲಿತಾಂಶ ತೆಗೆಯಲು. ಆದರೆ ಬಾಡಿಗೆ ಕಟ್ಟಿದ್ದು ‘ಕೌಂಟರ್-ಸ್ಟ್ರೈಕ್’. ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ‘ಹಾಫ್-ಲೈಫ್’ ಎಂಬ ಆಟವನ್ನು ತಿದ್ದಿ 1999ರಲ್ಲಿ ಮಾಡಿದ್ದು, 2000ದಲ್ಲಿ ವಾಲ್ವ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಇಂಟರ್‌ನೆಟ್ಟೂ ಬೇಡ, ಎಂಟು ಮಷಿನ್‌ಗೆ ಒಂದು ವೈರು ಎಳೆದರೆ ಸಾಕು, ನಾಲ್ಕು ನಾಲ್ಕು ಜನರ ಎರಡು ಪಡೆ. ಒಂದು ಪಡೆ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಗಂಟೆಗೆ 20 ರೂಪಾಯಿ. ಒಬ್ಬ ತಾಯಿ ಗಾಬರಿಯಲ್ಲಿ ಬಂದು, ‘ನನ್ನ ಮಗ ಇವತ್ತು ಟೆರರಿಸ್ಟ್ ಆಗ್ತೀನಿ ಅಂತ ಹೇಳಿ ಮನೆಯಿಂದ ಹೊಂಟಾನಲ್ರೀ’ ಅಂದಿದ್ದರು. ಎರಡನೇ ಪಾಳಿಯಲ್ಲಿ ಪೊಲೀಸ್ ಆಗ್ತಾನೆ ಕೂತ್ಕೊಳ್ಳಿ ಅಂದೆ.

ಈ ಆಟದಲ್ಲಿ ಸತ್ತವನು ಆ ಸುತ್ತು ಮುಗಿಯುವ ತನಕ ಕೈಕಟ್ಟಿ ಕೂರಬೇಕು. ಆಗ ಅವನು ಉಳಿದವರ ಪರದೆ ನೋಡುತ್ತಾನೆ, ‘ಬಲಗಡೆ ಬಾಗಿಲ ಹಿಂದೆ ಒಬ್ಬ ಇದಾನೆ ಕಣೋ’ ಎಂದು ಕೂಗುತ್ತಾನೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗರು ಅಲ್ಲಿ ಪಡೆ ನಡೆಸುತ್ತಿದ್ದರು. ವೈರಿಗೆ ಪಿನ್ನು ಕಟ್ಟುವುದು, ಐಪಿ ಅಡ್ರೆಸ್ ಕೊಡುವುದು, ಕೈಕೊಟ್ಟ ಮಷಿನ್ ಎಬ್ಬಿಸುವುದು ಎಲ್ಲ ಅವರು ಕಲಿತದ್ದು ಈ ಆಟದ ಆಸೆಗೆ. ಅವರಲ್ಲಿ ಇಬ್ಬರು ಇವತ್ತು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾರೆ. ಬೆಲೆ ಕೊಡುವುದಾದರೆ ನಾನು ಇದಕ್ಕೇ ಕೊಡುತ್ತೇನೆ.

ವಿದ್ಯಾವಂತ ಅಪ್ಪಂದಿರು ಇನ್ನೊಂದು ಲಾಭ ಹೇಳುತ್ತಿದ್ದರು: ಮೆದುಳು ಚುರುಕಾಗುತ್ತದಂತೆ. ಅದು ಪೂರ್ತಿ ಸುಳ್ಳಲ್ಲ. 2003ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಶಾನ್ ಗ್ರೀನ್, ಡಾಫ್ನೆ ಬ್ಯಾವೆಲಿಯೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಇಂಥ ಆಟವಾಡದವರಿಗೆ 10 ದಿನ, ದಿನಕ್ಕೆ ಒಂದು ಗಂಟೆ ಯುದ್ಧದ ಆಟ ಆಡಿಸಿದರು, ಇನ್ನೊಂದು ಗುಂಪಿಗೆ ಇಟ್ಟಿಗೆ ಜೋಡಿಸುವ ಟೆಟ್ರಿಸ್. ಯುದ್ಧ ಆಡಿದವರ ಕಣ್ಣು ಹೆಚ್ಚು ವಸ್ತುಗಳ ಮೇಲೆ ಒಟ್ಟಿಗೆ ನಿಗಾ ಇಡಬಲ್ಲದಾಯಿತು. ಆದರೆ ಆಡಿದವರು ಕಾಲೇಜು ವಯಸ್ಸಿನವರು, ಆಡಿದ್ದು ದಿನಕ್ಕೊಂದೇ ಗಂಟೆ. ಐದನೇ ಕ್ಲಾಸಿನ ಮಗನಿಗೆ ಮಧ್ಯಾಹ್ನವಿಡೀ ಬಿಡಿ ಎಂದು ಆ ಪ್ರಯೋಗ ಎಲ್ಲೂ ಹೇಳಿಲ್ಲ.

ಇನ್ನು ಹಿಂಸೆಯ ಮಾತು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಸಹಪಾಠಿಗಳನ್ನು ಕೊಂದ ಇಬ್ಬರು ಹುಡುಗರು ಡೂಮ್ ಆಡುತ್ತಿದ್ದರು. ಅಲ್ಲಿಂದ ಈ ಆಟಗಳಿಗೆ ಅಂಟಿದ ಕಳಂಕ ಹೋಗಲಿಲ್ಲ. ಆದರೆ 2019ರಲ್ಲಿ ಬ್ರಿಟನ್ನಿನ 14-15ರ ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನು ಅಧ್ಯಯನ ಮಾಡಿದ ಆಕ್ಸ್‌ಫರ್ಡಿನ ಪ್ರಿಝ್‌ಬಿಲ್‌ಸ್ಕಿ, ಹೊಡೆದಾಟದ ಆಟಕ್ಕೂ ಮಕ್ಕಳ ಸಿಡುಕಿಗೂ ನಂಟು ಕಾಣಲಿಲ್ಲ ಎಂದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವೂ 2020ರಲ್ಲಿ, ನಿಜವಾದ ಹಿಂಸಾಚಾರಕ್ಕೆ ಆಟವನ್ನೇ ಹೊಣೆ ಮಾಡಲು ಪುರಾವೆ ಸಾಲದು ಎಂದಿತು. ನನ್ನ ಅಂಗಡಿಯಲ್ಲೂ ಕೈ ಕೈ ಮಿಲಾಯಿಸಿದ್ದುಂಟು. ಯಾವಾಗಲೂ ಅದು ದುಡ್ಡಿಗೆ, ಇಲ್ಲವೇ ಅಮ್ಮ-ಅಕ್ಕನ ಮೇಲೆ ಹೋದ ಬೈಗುಳಕ್ಕೆ. ಗುಂಡಿಗಲ್ಲ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಪ್ರಯೋಗ ಬೇರೆ. ಅದೇ 2019ರಲ್ಲಿ ಸಂಶೋಧಕರಾದ ಚಾಂಗ್ ಮತ್ತು ಬುಶ್‌ಮನ್ 8ರಿಂದ 12 ವಯಸ್ಸಿನ ಮಕ್ಕಳಿಗೆ ‘ಮೈನ್‌ಕ್ರಾಫ್ಟ್’ ಆಟವನ್ನು ಮೂರು ಬಗೆಯಲ್ಲಿ ಕೊಟ್ಟರು: ಬಂದೂಕಿರುವುದು, ಕತ್ತಿಯಿರುವುದು, ಎರಡೂ ಇಲ್ಲದ್ದು. ಆಮೇಲೆ ಆಟಿಕೆಯ ಕೋಣೆಗೆ ಬಿಟ್ಟರು. ಅಲ್ಲಿನ ಬೀರುವಿನಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲುಗಳಿದ್ದವು. ಪಿಸ್ತೂಲು ಕಣ್ಣಿಗೆ ಬಿದ್ದ ಮಕ್ಕಳಲ್ಲಿ, ಬಂದೂಕಿನ ಆಟ ಆಡಿದವರಲ್ಲಿ ಶೇ. 62ರಷ್ಟು ಜನ ಅದನ್ನು ಮುಟ್ಟಿದರು. ಬಂದೂಕು-ಕತ್ತಿ ಇಲ್ಲದ ಆಟದವರಲ್ಲಿ ಶೇ. 44. ದಾವಣಗೆರೆಯ ಮನೆಗಳ ಬೀರುವಿನಲ್ಲಿ ಪಿಸ್ತೂಲು ಇರುವುದಿಲ್ಲ ಬಿಡಿ. ಮನೆ ಮನೆಯಲ್ಲಿ ಕೋವಿ ಇರುವ ಕೊಡಗಿನವರು ಮಾತ್ರ ಇದನ್ನು ಎರಡು ಸಲ ಓದಬೇಕು. ನಮ್ಮಲ್ಲಿ ಏಳನೇ ಕ್ಲಾಸಿಗಿಂತ ಕೆಳಗಿನವರಿಗೆ ಕೌಂಟರ್-ಸ್ಟ್ರೈಕ್ ಇರಲಿಲ್ಲ, ಕಾರು ಓಡಿಸುವ ಆಟ ಮಾತ್ರ. ಯೂನಿಫಾರ್ಮಿನಲ್ಲಿ ಬಂದವರಿಗೆ ಅದೂ ಇಲ್ಲ. ಯಾವ ಪ್ರಯೋಗ ಓದಿಯೂ ಮಾಡಿದ ನಿಯಮವಲ್ಲ ಅದು. ಸಣ್ಣವರು ರಾತ್ರಿ ಬೆಚ್ಚಿ ಏಳುತ್ತಾರೆಂದು ತಾಯಂದಿರು ಹೇಳುತ್ತಿದ್ದರು.

ಗಂಟೆ ಮುಗಿದಾಗ, ‘ಆಂಟಿ, ಇನ್ನು ಹತ್ತೇ ನಿಮಿಷ’ ಎಂಬ ಗೋಗರೆತ. ಜೇಬು ತಡಕಾಡಿ, ಸಿಕ್ಕರೆ ಸರಿ, ಇಲ್ಲದಿದ್ದರೆ ಏಳಬೇಕು. ಸಿಕ್ಕಿದ ದುಡ್ಡು ಟ್ಯೂಷನ್ ಫೀಸೂ ಆಗಿರುತ್ತಿತ್ತು, ಅದು ಈ ವ್ಯಾಪಾರದ ಹೊಲಸು ಭಾಗ. ಆದರೆ ಆಟಕ್ಕೆ ಕೊನೆಯಿತ್ತು: ದುಡ್ಡು, ಕರೆಂಟು, ರಾತ್ರಿ ಎಂಟಕ್ಕೆ ಇಳಿಯುವ ಷಟರ್. ಆಡುವುದನ್ನು ಹತ್ತು ಜನ ನೋಡುತ್ತಿದ್ದರು. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಕೆಫೆ ನಿಯಮ ಬಂತು. ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಗುರುತಿನ ಚೀಟಿ ಇಲ್ಲದ ಮಕ್ಕಳ ಜೊತೆ ದೊಡ್ಡವರು ಇರಬೇಕು, ಒಂದು ವರ್ಷದ ಲೆಕ್ಕ ಇಡಬೇಕು. ಆ ಹೊತ್ತಿಗೆ ಮೊಬೈಲ್ ಬಂದು ನಮ್ಮ ಗಿರಾಕಿಗಳು ಕರಗುತ್ತಿದ್ದರು. ನಾವು ಮಷಿನ್ ಮಾರಿ ಜೆರಾಕ್ಸ್ ಅಂಗಡಿ ಮಾಡಿಕೊಂಡೆವು.

2018ರ ಮಾರ್ಚಿನಲ್ಲಿ ಮೊಬೈಲಿಗೆ ಬಂದ ಪಬ್‌ಜಿಯಲ್ಲಿ ಗಲ್ಲಾ ಇರಲಿಲ್ಲ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುತ್ತಲಿನ ವರ್ತುಲ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವನು ಗೆದ್ದ. ಆಡಲು ಬಿಡಿಗಾಸು ಬೇಡ. ದುಡ್ಡು ಹುಟ್ಟುವುದು ಅಂಗಿ, ಬಂದೂಕಿನ ಬಣ್ಣ, ಒಳಗೇನಿದೆಯೋ ತಿಳಿಯದ ಪೆಟ್ಟಿಗೆ ಮಾರುವುದರಲ್ಲಿ. ನಮಗೆ ಹುಡುಗ ಎದ್ದು ಹೋದರೆ ಮುಂದಿನವನಿಗೆ ಜಾಗವಾಗುತ್ತಿತ್ತು. ಈ ವ್ಯಾಪಾರದಲ್ಲಿ ಅವನು ಏಳಲೇಬಾರದು. 2019ರಲ್ಲಿ ರಾಜಕೋಟದ ಪೊಲೀಸರು ಆಡಿದ ವಿದ್ಯಾರ್ಥಿಗಳನ್ನೇ ಹಿಡಿದರು. 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿ ದೇಶವೇ ಪಬ್‌ಜಿಯನ್ನು ನಿಷೇಧಿಸಿತು. ಕಾರಣ ಮಕ್ಕಳಲ್ಲ, ದೇಶದ ಭದ್ರತೆ. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, ರಕ್ತ ಹಸಿರಾಗಿತ್ತು. ಪ್ರೊಬೊಟೆಕ್ಟರ್ ನೆನಪಾಗಿ ನಗು ಬಂತು. ಆದರೆ ಜೊತೆಗೆ ಬಂದ ಇನ್ನೊಂದು ನಿಯಮಕ್ಕೆ ನಗಲಾರೆ: 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಮಾತ್ರ. ಅಪ್ಪನ ಹೆಸರಿನಲ್ಲಿ ಖಾತೆ ತೆರೆದ ಹುಡುಗನಿಗೆ ಅದು ತಾಗುವುದಿಲ್ಲ, ನಿಜ. ಆದರೂ ನಾನು ಇಲ್ಲಿ ಹೇಳಿದ ನಿಯಮಗಳಲ್ಲಿ ರಕ್ತವನ್ನು ಬಿಟ್ಟು ಗಡಿಯಾರ ನೋಡಿದ್ದು ಅದೊಂದೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಆಟ ಬಿಟ್ಟು ಏಳಲಾಗದ ಇಂಥವರಿಗಾಗಿ ‘ಶಟ್’ ಕ್ಲಿನಿಕ್ ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳೂ ಸೇರಿತು. ಆ ಪಟ್ಟಿ ಕೇಳುವುದು ಆಟದಲ್ಲಿ ಬಂದೂಕು ಇದೆಯೇ ಎಂದಲ್ಲ. ನಿಲ್ಲಿಸಲು ಆಗುತ್ತದೆಯೇ, ಓದು-ಊಟ-ನಿದ್ದೆ ಕೆಟ್ಟಿದೆಯೇ, ಅದು ಸುಮಾರು ಒಂದು ವರ್ಷದಿಂದ ನಡೆದಿದೆಯೇ ಎಂದು.

ಈಗಲೂ ಜೆರಾಕ್ಸಿಗೆ ಬಂದ ತಾಯಂದಿರು ಕೇಳುತ್ತಾರೆ: ‘ಬಿಡಬೇಕೋ ಬೇಡವೋ ಹೇಳ್ರೀ ಅಕ್ಕಾ, ನೀವು ಕಂಡವರು.’ ಪ್ರೈಮರಿ ಮಕ್ಕಳಿಗೆ ಬೇಡ ಅನ್ನುತ್ತೇನೆ. ಹೈಸ್ಕೂಲಿನವನಿಗಾದರೆ ನಡುಮನೆಯಲ್ಲಿ ಆಡಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಬೇಡ. ಆ ಕಡೆಯ ಅಪರಿಚಿತ ಏನು ಮಾತಾಡುತ್ತಾನೆಂದು ಮನೆಗೆಲ್ಲ ಕೇಳಲಿ. ಆ ಫೋನಿನಲ್ಲಿ ಫೋನ್‌ಪೇ ಇರಬಾರದು. ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, ಹಾಗಾಗಿ ‘ಹತ್ತು ನಿಮಿಷದಲ್ಲಿ ಏಳು’ ಅನ್ನಬೇಡಿ. ತಂಡ ಬಿಟ್ಟು ನಡುವೆ ಎದ್ದರೆ ಅವನಿಗೆ ಬೈಗುಳ ಬೀಳುತ್ತದೆ, ಆಮೇಲೆ ಆ ಸಿಟ್ಟು ನಿಮ್ಮ ಮೇಲೆ. ‘ಎರಡು ಮ್ಯಾಚು, ಆಮೇಲೆ ಫೋನ್ ನನ್ನ ಕೈಗೆ’ ಅನ್ನಿ. ಮೂರನೆಯದಕ್ಕೆ ಅವನು ಗೋಗರೆದೇ ಗೋಗರೆಯುತ್ತಾನೆ. ಗೋಗರೆಯಲಿ ಬಿಡಿ, ನಮ್ಮ ಅಂಗಡಿಯಲ್ಲಿ ಗೋಗರೆಯದೆ ಎದ್ದವರು ಯಾರಿದ್ದರು?