ಅಥಣಿಗೆ ಬಾರದ ಜರ್ಮನ್ ಪ್ರವಾಸಿ: ಗೋವಾ–ಬಿಜಾಪುರ ಹಾದಿಯ ಒಂದು ಊರಪಟ್ಟಿಯ ಮರುವಿಚಾರ

ಅಥಣಿಯ ಇತಿಹಾಸ ಹೇಳುವ ಪರಿಚಯ ಪುಸ್ತಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: 1639ರಲ್ಲಿ ಮ್ಯಾಂಡೆಲ್ಸ್ಲೊ ಎಂಬ ಜರ್ಮನ್ ಪ್ರವಾಸಿ ಇಲ್ಲಿಗೆ ಬಂದಿದ್ದ, ಗೋವಾ ಮತ್ತು ಬಿಜಾಪುರಗಳ ನಡುವಿನ ದೊಡ್ಡ ಪೇಟೆ ಇದೆಂದು ಬರೆದಿಟ್ಟ. ಇದರ ಬೇರು 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರ್‌ನ ಬೆಳಗಾವಿ ಸಂಪುಟದಲ್ಲಿದೆ. ಜೇಮ್ಸ್ ಕ್ಯಾಂಪ್‌ಬೆಲ್ಲರ ಆ ಸಂಪುಟ ಮ್ಯಾಂಡೆಲ್ಸ್ಲೊ ಈ ಊರನ್ನು ಉಲ್ಲೇಖಿಸಿದ್ದಾನೆ ಎಂದಷ್ಟೇ ಹೇಳುತ್ತದೆ. ಅವನನ್ನು ಅಂಬೋಲಿ ಘಾಟು ಹತ್ತಿಸಿ, ಕೃಷ್ಣೆ ದಾಟಿಸಿ, ಅಥಣಿಯ ಪೇಟೆಯಲ್ಲಿ ಅಡ್ಡಾಡಿಸಿದವರು ನಮ್ಮವರೇ. ಪ್ರೇಕ್ಷಣೀಯ ಸ್ಥಳಗಳ ಕೈಪಿಡಿ ಬರೆಯುವವರಿಗೆ ವಿದೇಶಿ ಪ್ರವಾಸಿಯೊಬ್ಬನ ಹೆಸರು ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ, ಅದು ಅರ್ಥವಾಗುವಂಥದು. ಆದರೆ ಇತಿಹಾಸಕಾರರೂ ಅದನ್ನೇ ಎತ್ತಿಕೊಂಡು, ಅದರ ಮೇಲೆ ಆದಿಲ್‌ಶಾಹಿ ಕಾಲದ ವ್ಯಾಪಾರದ ಬಗೆಗಿನ ತೀರ್ಮಾನಗಳನ್ನು ಕಟ್ಟುತ್ತಿರುವುದರಿಂದ ಈ ಲೇಖನ ಬರೆಯಬೇಕಾಯಿತು.

ಮೊದಲು ಅವನ ದಿನಚರಿ ನೋಡೋಣ. ಹೋಲ್‌ಸ್ಟೈನ್‌ನ ಡ್ಯೂಕ್ ಪರ್ಷಿಯಾಕ್ಕೆ ಕಳಿಸಿದ ರಾಯಭಾರದ ಪರಿವಾರದಲ್ಲಿದ್ದ ಮ್ಯಾಂಡೆಲ್ಸ್ಲೊ ಇಸ್ಫಹಾನಿನಲ್ಲಿ ಅದರಿಂದ ಬೇರ್ಪಟ್ಟು, 1638ರ ಏಪ್ರಿಲ್‌ನಲ್ಲಿ ಸೂರತ್ತಿಗೆ ಬಂದಿಳಿದ. ಗುಜರಾತಿನಲ್ಲಿ ತಿರುಗಾಡಿದ. 1639ರ ಜನವರಿ ಮೊದಲ ವಾರದಲ್ಲಿ, ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಕಂಪನಿಯ ಅಧ್ಯಕ್ಷ ವಿಲಿಯಂ ಮೆಥ್ವೋಲ್ಡನ ಜೊತೆ ಹಡಗು ಹತ್ತಿದ. ಹಡಗು ಗೋವಾದಲ್ಲಿ ತಂಗಿತು, ಅದೇ ತಿಂಗಳು ಮುಂದಕ್ಕೆ ಹೊರಟಿತು. ಅವನು ಗೋವಾದಲ್ಲಿ ಕಳೆದದ್ದು ಹತ್ತು ದಿನಗಳ ಆಸುಪಾಸು. ಹೇರಿನ ಎತ್ತುಗಳ ಸಾಲು ಗೋವಾದಿಂದ ಘಾಟು ಹತ್ತಿ ಬಿಜಾಪುರ ಮುಟ್ಟಲು ಮೂರು ವಾರ ಹಿಡಿಯುತ್ತಿತ್ತು. ಹಗುರವಾಗಿ ಕುದುರೆಯ ಮೇಲೆ ಹೋದರೂ ಅಥಣಿಗೆ ಹೋಗಿ ಬರುವುದಕ್ಕೆ ಆ ಹತ್ತು ದಿನ ಸಾಲವು. ಹಾಗೆ ಹೋಗಿದ್ದರೆ ಗೋವಾದಲ್ಲಿ ವೈಸ್‌ರಾಯ್ ಪೇರೋ ದ ಸಿಲ್ವನ ಭೇಟಿ, ಜೆಸುಯಿಟ್ ಪಾದ್ರಿಗಳ ಮನೆಯ ಔತಣ, ಅಲ್ಲಿನ ಕುಣಿತ ಇವಕ್ಕೆ ಅವನಿಗೆ ಸಮಯ ಎಲ್ಲಿತ್ತು?

ಈ ಔತಣದ ಮಾತು ಸುಮ್ಮನೆ ಎತ್ತಲಿಲ್ಲ. ಗೋವಾದ ಪುಟಗಳಲ್ಲಿ ಒಬ್ಬ ಮನುಷ್ಯನಿದ್ದಾನೆ. ಅವನು ಉಣ್ಣುತ್ತಾನೆ, ನೋಡುತ್ತಾನೆ, ತನ್ನನ್ನು ಯಾರು ಹೇಗೆ ಬರಮಾಡಿಕೊಂಡರೆಂದು ಹೇಳುತ್ತಾನೆ. ದಖನ್ನಿನ ಹಾದಿಯ ಪುಟಗಳಿಗೆ ಬಂದೊಡನೆ ಆ ಮನುಷ್ಯ ಮಾಯ. ಡಿಚೋಲಿ, ಬಾಂದಾ, ಅಂಬೋಲಿ, ಹಿರಣ್ಯಕೇಶಿ ಹೊಳೆ, ರಾಯಬಾಗ, ಕೃಷ್ಣಾ ನದಿ, ಅಥಣಿ, ತಿಕೋಟಾ, ನವರಸಪುರ ಎಂದು ಊರುಗಳು ಒಂದರ ಹಿಂದೊಂದು ಬರುತ್ತವೆ, ನಡುನಡುವೆ ಹರದಾರಿಯ ಲೆಕ್ಕ, ರಾಯಬಾಗದ ಮೆಣಸಿನಂಥ ಸರಕಿನ ಮಾತು ಬರುತ್ತದೆ. ಎಲ್ಲಿ ಮಲಗಿದ, ಯಾವ ಚೌಕಿಯಲ್ಲಿ ಸುಂಕದವರು ತಡೆದರು, ಹೊಳೆ ಹೇಗೆ ದಾಟಿದ ಎಂಬುದರ ಸುಳಿವೇ ಇಲ್ಲ. ಘಾಟು ಹತ್ತಿದವನು ಘಾಟಿನ ಬಗ್ಗೆ ಒಂದು ಏದುಸಿರನ್ನಾದರೂ ಬಿಡದೆ ಇರುತ್ತಾನೆಯೇ?

ಪುಸ್ತಕದ ಚರಿತ್ರೆ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮ್ಯಾಂಡೆಲ್ಸ್ಲೊ 1644ರಲ್ಲಿ ತೀರಿಕೊಂಡ. ಅವನ ಗೆಳೆಯ, ಅದೇ ರಾಯಭಾರದ ಕಾರ್ಯದರ್ಶಿಯಾಗಿದ್ದ ಓಲಿಯೇರಿಯಸ್ ಅವನ ಟಿಪ್ಪಣಿಗಳನ್ನು ಜರ್ಮನ್ನಿನಲ್ಲಿ 1658ರಲ್ಲಿ ಪೂರ್ಣವಾಗಿ ಪ್ರಕಟಿಸಿದ. ಮರುವರ್ಷ ವಿಕ್‌ಫೋರ್ಟ್ ಅದನ್ನು ಫ್ರೆಂಚಿಗೆ ತಂದ. ತಂದ ಅನ್ನುವುದಕ್ಕಿಂತ ಬೇರೆಯವರ ಪುಸ್ತಕಗಳಿಂದ ಪುಟಗಟ್ಟಲೆ ಸೇರಿಸಿ ಹಿಗ್ಗಿಸಿದ ಎನ್ನಬೇಕು. ಆ ಫ್ರೆಂಚಿನಿಂದ ಜಾನ್ ಡೇವಿಸ್ 1662ರಲ್ಲಿ ಇಂಗ್ಲಿಷ್ ಮಾಡಿದ. ಮುಂದೆ ಹ್ಯಾರಿಸನ ಪ್ರವಾಸ ಸಂಕಲನ ಅದನ್ನು ಸಂಗ್ರಹಿಸಿಕೊಂಡಿತು. ಕ್ಯಾಂಪ್‌ಬೆಲ್ಲರ ಮೇಜಿನ ಮೇಲಿದ್ದದ್ದು ಹ್ಯಾರಿಸ್. ಎಂದರೆ ಅಥಣಿಯ ಈ ಸಾಕ್ಷ್ಯ ನಾಲ್ಕು ಕೈ ದಾಟಿ ಬಂದದ್ದು, ಅದರಲ್ಲಿ ಎರಡನೆಯ ಕೈ ಶುದ್ಧವಾದದ್ದಲ್ಲ. ಇದನ್ನು ನಾನು ಕಂಡುಹಿಡಿದಿಲ್ಲ. ವಿನ್ಸೆಂಟ್ ಸ್ಮಿತ್ 1915ರಲ್ಲೇ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪುಸ್ತಕಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಚರ್ಚಿಸಿದ್ದರು. ಇತಿಹಾಸಕಾರ ಕಮಿಸ್ಸಾರಿಯಟ್ 1931ರಲ್ಲಿ ಮ್ಯಾಂಡೆಲ್ಸ್ಲೊನ ಪಶ್ಚಿಮ ಭಾರತದ ಪ್ರವಾಸವನ್ನೇ ಪ್ರತ್ಯೇಕ ಪುಸ್ತಕ ಮಾಡಿ, ಯಾವುದು ಅವನದು, ಯಾವುದು ಅಂಟಿಸಿದ್ದು ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ಗುಜರಾತಿನ ಇತಿಹಾಸ ಬರೆಯುವವರು ಈ ಎಚ್ಚರವನ್ನು ಪಾಲಿಸುತ್ತಾರೆ. ನಮ್ಮ ಕಡೆ ಮಾತ್ರ ಗೆಜೆಟಿಯರ್ ವೇದವಾಕ್ಯ. (ಕ್ಯಾಂಪ್‌ಬೆಲ್ಲರನ್ನು ದೂರುವ ಉದ್ದೇಶ ನನ್ನದಲ್ಲ. ಅವರ ಸಂಪುಟ ಅಚ್ಚಾದ ಮೂವತ್ತೊಂದು ವರ್ಷಗಳ ಮೇಲೆ ಸ್ಮಿತ್ ಬರೆದದ್ದು. ಸ್ಮಿತ್ ಬರೆದು ನೂರು ವರ್ಷ ದಾಟಿದ ಮೇಲೂ ಕಣ್ಣು ತೆರೆಯದವರಿಗೆ ಆ ವಿನಾಯಿತಿ ಇಲ್ಲ.)

ಇದಕ್ಕೆ ಒಂದು ಸಿದ್ಧ ಉತ್ತರವಿದೆ. ಮ್ಯಾಂಡೆಲ್ಸ್ಲೊ ಹೋದರೆ ಹೋಗಲಿ, ಒಗಿಲ್ಬಿ ಇದ್ದಾನಲ್ಲ, ಅವನೂ ಅಥಣಿಯನ್ನು ಬಿಜಾಪುರಕ್ಕೆ ಎರಡು ದಿನದ ಹಾದಿಯ ದೊಡ್ಡ ಪೇಟೆ ಎನ್ನುತ್ತಾನಲ್ಲ ಎಂದು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬೇಕು, ನಿಜ. ಆದರೆ ಜಾನ್ ಒಗಿಲ್ಬಿ ಭಾರತದ ನೆಲ ಮೆಟ್ಟಿದವನಲ್ಲ. ಲಂಡನ್ನಿನಲ್ಲಿ ಕುಳಿತು ನಕ್ಷೆ, ಭೂವಿವರಣೆ ಪ್ರಕಟಿಸುತ್ತಿದ್ದವನು. 1673ರ ಅವನ ಏಷ್ಯಾ ಸಂಪುಟ ಡಚ್ ಸಂಕಲನಕಾರ ಡ್ಯಾಪ್ಪರನದನ್ನು ಆಧರಿಸಿದ್ದು. ಡ್ಯಾಪ್ಪರನೂ ಮನೆ ಬಿಟ್ಟು ಕದಲಿದವನಲ್ಲ, ಡಚ್ ಕಂಪನಿಯ ಕಾಗದ ಪುಸ್ತಕಗಳಿಂದ ಹೆಕ್ಕಿದವನು. ಎರಡು ಸಾಕ್ಷ್ಯಗಳ ನೀರೂ ಒಂದೇ ಬಾವಿಯದು.

ಆ ಬಾವಿ ಡಚ್ಚರದು ಎಂಬುದು ನನ್ನ ವಾದ. 1636ರಿಂದ ಡಚ್ಚರು ಗೋವಾ ಬಂದರಿನ ಬಾಯಿಗೆ ಹಡಗು ನಿಲ್ಲಿಸಿ ಪೋರ್ಚುಗೀಸರ ಹೋಗುಬರುವನ್ನು ಕಟ್ಟಿಹಾಕುತ್ತಿದ್ದರು. ನೆಲದ ಕಡೆಯಿಂದ ನೆರವು ಬೇಕೆಂದು ಮುಹಮ್ಮದ್ ಆದಿಲ್‌ಶಾಹನ ಬಳಿಗೆ 1637ರಲ್ಲಿ ಯೋಹಾನ್ ವಾನ್ ಟ್ವಿಸ್ಟ್ ಎಂಬ ಅಧಿಕಾರಿಯನ್ನು ಕಳಿಸಿದರು. ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ಏಳುವುದಕ್ಕೆ ದಾರಿಯಾದದ್ದು ಆ ಭೇಟಿಯಿಂದಲೇ. ವಾನ್ ಟ್ವಿಸ್ಟ್ ಭಾರತದ ಸಾಮಾನ್ಯ ವಿವರಣೆ ಎಂಬರ್ಥದ ಪುಸ್ತಕವನ್ನೂ ಬರೆದ. ವಿಕ್‌ಫೋರ್ಟ್ ಕೈಹಾಕಿದ ಪುಸ್ತಕಗಳಲ್ಲಿ ಅದೂ ಒಂದು. ಈ ಊರಪಟ್ಟಿ ಯಾರ ಅಗತ್ಯಕ್ಕೆ ಹೊಂದುತ್ತದೆಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ. ಮೋಜಿಗೆ ತಿರುಗುವ ಇಪ್ಪತ್ತರ ಹರೆಯದ ಶ್ರೀಮಂತ ಹುಡುಗನಿಗೆ ರಾಯಬಾಗದ ಮೆಣಸು ಎಲ್ಲಿಗೆ ಹೋಗುತ್ತದೆಂಬುದು ಬೇಕಿರಲಿಲ್ಲ. ಮೆಣಸಿಗಾಗಿಯೇ ಸಮುದ್ರ ದಾಟಿದ ಕಂಪನಿಯ ಆಳಿಗೆ ಬೇಕಿತ್ತು. ನವರಸಪುರದ ಮಾತೂ ಹಾಗೆಯೇ. ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಿದ ಆ ಊರನ್ನು 1624ರಲ್ಲಿ ಮಲಿಕ್ ಅಂಬರ್ ಹಾಳುಗೆಡವಿದ. ಅದು ಪಾಳುಬಿದ್ದಿದೆ, ಅದರ ಕಲ್ಲುಮರಗಳು ಬಿಜಾಪುರದ ಕಟ್ಟಡಗಳಿಗೆ ಹೋದವು ಎಂಬ ವಿವರ ಬಿಜಾಪುರದಲ್ಲಿ ಕೆಲಕಾಲ ಕಾದು ಕುಳಿತ ರಾಯಭಾರಿಗೆ ತಿಳಿಯುವಂಥದು.

1639 ಹೋಗಿ 1637 ಬಂದರೆ ಏನಾಯಿತು, ಎರಡು ವರ್ಷದ ಅಂತರ ತಾನೆ ಎನ್ನುವವರಿದ್ದಾರೆ. ಈ ಪ್ರಾಂತದ ಮಟ್ಟಿಗೆ ಆ ಅಂತರ ಬಹಳ. 1636ರಲ್ಲಿ ಶಹಜಹಾನನ ಸರದಾರ ಖಾನ್ ಜಮಾನ್ ಕೊಲ್ಲಾಪುರ ಹಿಡಿದು, ಮಿರಜ ಕೊಳ್ಳೆಹೊಡೆದು, ಅಲ್ಲಿಂದ ರಾಯಬಾಗಕ್ಕೆ ಬಂದ. ಶಹಜಹಾನನ ಆಸ್ಥಾನ ಚರಿತ್ರೆಯಾದ ಬಾದಶಹನಾಮೆ ರಾಯಬಾಗವನ್ನು ಬಹಳ ಹಳೆಯ ಊರೆಂದು ಕರೆಯುತ್ತದೆ, ಅಲ್ಲಿ ಸಿಕ್ಕ ಲೂಟಿಯ ಬಗ್ಗೆ ತೃಪ್ತಿಯಿಂದ ಹೇಳುತ್ತದೆ, ಸೈನ್ಯ ಹತ್ತು ದಿನ ಅಲ್ಲೇ ತಂಗಿತೆನ್ನುತ್ತದೆ. ಅದೇ ವರ್ಷ ಒಪ್ಪಂದವಾಗಿ ಯುದ್ಧ ನಿಂತಿತು. ವಾನ್ ಟ್ವಿಸ್ಟ್ ಬಂದದ್ದು ಅದರ ಬೆನ್ನಿಗೇ. ಹಾಗಾದರೆ ಪಟ್ಟಿಯಲ್ಲಿ ಕಾಣುವ ರಾಯಬಾಗ ಲೂಟಿಯಾದ ಮರುವರ್ಷದ ರಾಯಬಾಗ. ಆಗಲೇ ಅದು ಮೆಣಸಿನ ಪೇಟೆಯಾಗಿ ಹೆಸರು ಹೇಳಿಸಿಕೊಳ್ಳುತ್ತಿದೆ ಎಂದರೆ ಲೂಟಿ ಮುಟ್ಟಿದ್ದು ಮನೆಗಳನ್ನು. ಘಾಟಿನಾಚೆಯ ಬಂದರುಗಳಿಗೂ ಒಳನಾಡಿಗೂ ನಡುವೆ ಆಡುತ್ತಿದ್ದ ಎತ್ತಿನ ಹೇರು ನಿಂತಿರಲಿಲ್ಲ. ಶತಮಾನದ ನಡುವಿನಲ್ಲಿ ರಾಜಾಪುರ ಬಂದರಿನ ಇಂಗ್ಲಿಷರೂ ಮೆಣಸಿಗೆ ರಾಯಬಾಗವನ್ನೇ ನೆಚ್ಚಿಕೊಂಡರು. 1639 ಎಂದು ಓದುವವರಿಗೆ ಈ ಸಂಗತಿಯ ಮೊನಚು ಕಾಣುವುದೇ ಇಲ್ಲ.

ಅಥಣಿಯ ಸಿರಿವಂತಿಕೆಗೆ ಮ್ಯಾಂಡೆಲ್ಸ್ಲೊನ ಆಸರೆ ಬೇಕಾಗಿಯೂ ಇಲ್ಲ. 1670ರ ದಶಕದಲ್ಲಿ ಮರಾಠರ ಕುದುರೆ ದಂಡು ಅಥಣಿಯ ಮೇಲೆ ಬಿದ್ದದ್ದು ಇಂಗ್ಲಿಷರ ಬರಹಗಳಲ್ಲಿದೆ. 1679ರ ನವೆಂಬರಿನಲ್ಲಿ ಮೊಗಲ ಸರದಾರ ದಿಲೇರ್ ಖಾನ್ ತಿಕೋಟೆಯನ್ನು ಸೂರೆ ಮಾಡಿ ಅಥಣಿಗೆ ನುಗ್ಗಿದ, ಊರು ಸುಟ್ಟ, ಸೆರೆಸಿಕ್ಕವರನ್ನು ಗುಲಾಮರಾಗಿ ಮಾರುವ ಮಾತು ಎತ್ತಿದ. ಆಗ ಅವನ ಪಾಳೆಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿ ಬೇಡವೆಂದ, ಅವನ ಮಾತು ನಡೆಯಲಿಲ್ಲ, ಕೆಲವೇ ದಿನಗಳಲ್ಲಿ ಅವನು ಪಾಳೆಯ ಬಿಟ್ಟು ಬಿಜಾಪುರದತ್ತ ಪರಾರಿಯಾದ. ಊರಿನ ಹಣದ ವಿಷಯದಲ್ಲಿ ಲೂಟಿಗಾರರಷ್ಟು ನಂಬಿಕಸ್ಥ ಸಾಕ್ಷಿ ಬೇರೆ ಇಲ್ಲ. ದಿಲೇರ್ ಖಾನನ ದಂಡು ನಡೆದದ್ದೂ ಅದೇ ಹಾದಿಯಲ್ಲಿ, ಹಿಂದುಮುಂದಾಗಿ, ತಿಕೋಟೆಯಿಂದ ಅಥಣಿಗೆ ಎಂಬುದನ್ನು ಗಮನಿಸಬೇಕು.

ಈ ಹಾದಿಯನ್ನು ಇಡಿಯಾಗಿ ಯಾರೂ ಓದದಿರುವುದಕ್ಕೆ ಆಡಳಿತದ ಕಾರಣವೂ ಇದೆ. ಗೆಜೆಟಿಯರ್ ಬರೆಯುವಾಗ ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿತ್ತು, ತಿಕೋಟಾ, ನವರಸಪುರ ಬಿಜಾಪುರ ಸಂಪುಟಕ್ಕೆ ಹೋದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು, ಸಂಸ್ಥಾನ 1949ರಲ್ಲಿ ವಿಲೀನವಾಗುವವರೆಗೂ. ಹಾಗಾಗಿ ಅದು 1886ರ ಕೊಲ್ಲಾಪುರ ಸಂಪುಟದಲ್ಲಿ ಕುಳಿತಿತು. ಒಂದೇ ಪಟ್ಟಿಯ ಸಾಲುಗಳು ಮೂರು ಸಂಪುಟಗಳಲ್ಲಿ ಹರಿದು ಹಂಚಿಹೋದವು. ಬೆಳಗಾವಿ ಸಂಪುಟ ಒಂದನ್ನೇ ಬಗಲಲ್ಲಿಟ್ಟುಕೊಂಡು ಗಡಿಭಾಗದ ಇತಿಹಾಸ ಬರೆಯುವವರಿಗೆ ರಾಯಬಾಗದ ಮುಂದಿನ ನಿಲ್ದಾಣವೇ ಅಥಣಿ ಎಂಬುದು ಹೊಳೆಯದೆ ಹೋದದ್ದು ಹೀಗೆ.

ಇನ್ನು ಮ್ಯಾಂಡೆಲ್ಸ್ಲೊನ ಹೆಸರಿನ ಆ ಪುಸ್ತಕದ ಇಡೀ ದಖನ್ ಭಾಗದಲ್ಲಿ, ಇಂದಿನ ಅರ್ಥದಲ್ಲಿ ನೋಡತಕ್ಕ ಸ್ಥಳವೆಂದು ಎದ್ದು ಕಾಣುವುದು ಈ ಸೀಮೆಯಲ್ಲಿ ಒಂದೇ. ಅದು ಈ ಹಾದಿಯ ಮೇಲಿಲ್ಲ, ಬಿಜಾಪುರದಿಂದ ದಾಭೋಳ ಬಂದರಿಗೆ ಹೋಗುವ ಇನ್ನೊಂದು ಹಾದಿಯ ಮೇಲೆ, ಕಾಗವಾಡದ ಪಕ್ಕದ ಮಿರಜದಲ್ಲಿದೆ. ಅಲ್ಲಿ ಬಲವಾದ ಕೋಟೆಯಿದೆ, ಐನೂರು ವರ್ಷ ಹಳೆಯ ಎರಡು ಗೋರಿಗಳಿವೆ, ದಿಲ್ಲಿಯ ಇಬ್ಬರು ಅರಸರದಂತೆ, ಜನ ಅವಕ್ಕೆ ಬಹಳ ನಡೆದುಕೊಳ್ಳುತ್ತಾರೆ ಎನ್ನುತ್ತದೆ ಬರಹ. ದಿಲ್ಲಿಯ ಯಾವ ಅರಸನೂ ಮಿರಜದಲ್ಲಿ ಮಣ್ಣಾಗಿಲ್ಲ. ಅಲ್ಲಿ ಜನ ನಡೆದುಕೊಳ್ಳುವ ಜಾಗವೆಂದರೆ ಖ್ವಾಜಾ ಮೀರಾಸಾಹೇಬರ ದರ್ಗಾ, ತಂದೆ ಮಗ ಇಬ್ಬರ ಸಮಾಧಿಯೂ ಇರುವಂಥದು. ಎರಡು ಗೋರಿ, ಅಪಾರ ಭಕ್ತಿ, ಉತ್ತರದ ಕಡೆಯಿಂದ ಬಂದವರೆಂಬ ನಂಬಿಕೆ ಇಷ್ಟೂ ಅಲ್ಲಿ ಕೂಡುತ್ತವೆ. ಸಂತರು ಕೇಳಿಕೆಯಲ್ಲಿ ಬಾದಶಹರಾದರು. ಉರುಸಿಗೆ ಹೋಗುವ ನಮ್ಮ ಕಡೆಯ ಯಾವ ಮುದುಕನನ್ನು ಕೇಳಿದ್ದರೂ ಡಚ್ಚನಿಗೆ ಸರಿಯಾದ ಮಾಹಿತಿ ಸಿಗುತ್ತಿತ್ತು. ಅವನು ಕೇಳಿದ್ದು ತನ್ನ ದುಭಾಷಿಯನ್ನು.

ಇಲ್ಲಿಂದ ಮುಂದೆ ನನ್ನ ತಕರಾರು ಇನ್ನೊಂದು ಬಗೆಯ ಓದಿನ ಮೇಲೆ. ಹದಿನೇಳನೆಯ ಶತಮಾನದ ಯುರೋಪಿಯನ್ನರು ಖಿದ್ರಾಪುರದ ಕೊಪ್ಪೇಶ್ವರ ಗುಡಿಯನ್ನು ಹೆಸರಿಸುವುದಿಲ್ಲ, ಆದ್ದರಿಂದ ಅದು ಆಗಲೇ ಹಾಳುಬಿದ್ದು ಮರೆತುಹೋಗಿತ್ತು ಎಂಬ ಊಹೆ ಆಗಾಗ ಕೇಳಿಬರುತ್ತದೆ. ಕಾಗವಾಡ ತಾಲ್ಲೂಕಿನ ಜುಗೂಳದ ದಂಡೆಯಲ್ಲಿ ನಿಂತರೆ ಕೃಷ್ಣೆಯಾಚೆ ಇರುವ ಊರು ಖಿದ್ರಾಪುರ. ಗುಡಿಯ ಮುಂದೆ ಸ್ವರ್ಗಮಂಟಪ, ನಲವತ್ತೆಂಟು ಕಂಬ. ನಡುವಿನ ಛಾವಣಿಯನ್ನು ದುಂಡಗೆ ಬಯಲಿಗೆ ಬಿಟ್ಟಿದ್ದಾರೆ, ಕೆಳಗೆ ನಿಂತರೆ ಆಕಾಶದ ಒಂದು ಬಿಲ್ಲೆ ಕಾಣುತ್ತದೆ. ಯಾದವ ಸಿಂಘಣನ ಶಕ 1135ರ ಶಾಸನ ಅಲ್ಲೇ ಇದೆ. ಇಂಥದನ್ನು ಕಂಡವನು ಬರೆಯದೆ ಬಿಟ್ಟಾನೆಯೇ ಎಂಬುದು ಆ ವಾದದ ಬಲ.

ಬಿಡುತ್ತಾನೆ, ಏಕೆಂದರೆ ರಾಯಬಾಗವನ್ನೂ ಬಿಟ್ಟಿದ್ದಾನೆ. ರಾಯಬಾಗದ ಆದಿನಾಥ ಬಸದಿ ಊರೊಳಗೇ ಇದೆ. ರಟ್ಟ ನಾಲ್ಕನೆಯ ಕಾರ್ತವೀರ್ಯನ ಕಾಲದ, ಹದಿಮೂರನೆಯ ಶತಮಾನದ ಆರಂಭದ ಶಾಸನ ಆ ಊರಿನದು. ಪಟ್ಟಿಯ ಕರ್ತೃ ಆ ಊರನ್ನು ಹಾದುಹೋಗಿದ್ದಾನೆ, ಅಲ್ಲಿನ ಮೆಣಸನ್ನು ಬರೆದಿದ್ದಾನೆ, ಬಸದಿಯ ಸೊಲ್ಲೆತ್ತಿಲ್ಲ. ಬಸದಿ ಆಗ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆ, ಯಡೂರಿನ ವೀರಭದ್ರ, ನಿಪ್ಪಾಣಿ ಬಳಿಯ ತವನಿಧಿ, ಇವ್ಯಾವುವೂ ಅವನ ಕಣ್ಣಿಗೆ ಬಿದ್ದಿಲ್ಲ. ಬೀಳಬೇಕಾದ ಕಾರಣವೂ ಇರಲಿಲ್ಲ. ಹೇರಿನ ಎತ್ತುಗಳಿಗೆ ಬೇಕಿದ್ದದ್ದು ಮೇವು, ನೀರು, ಬೇಸಿಗೆಯಲ್ಲಿ ಹೊಳೆ ದಾಟಲು ಗಟ್ಟಿ ತಳದ ಕಡವು, ಸುಂಕ ಕಡಿಮೆ ಇರುವ ಚೌಕಿ. ರಾಯಬಾಗದಿಂದ ಅಥಣಿಯತ್ತ ಹೊರಟ ಸಾಲು ಇವನ್ನೆಲ್ಲ ನೋಡಿಕೊಂಡು ಕೃಷ್ಣೆಯನ್ನು ಹರಿವಿನ ಕೆಳಭಾಗದಲ್ಲಿ ದಾಟಿ ಪೂರ್ವಕ್ಕೆ ತಿರುಗುತ್ತಿತ್ತು. ಖಿದ್ರಾಪುರ ಇದ್ದದ್ದು ಹೊಳೆಯ ಮೇಲ್ಭಾಗದಲ್ಲಿ, ವಾಯವ್ಯಕ್ಕೆ. ದಾಭೋಳದ ಹಾದಿಯೂ ಅದನ್ನು ದಕ್ಷಿಣದಲ್ಲೇ ಬಿಟ್ಟು ಮಿರಜಕ್ಕೆ ಹೋಗುತ್ತಿತ್ತು. ಎರಡು ಬಂದರುಗಳ ಎರಡು ಹಾದಿಗಳ ನಡುವಿನ ಸಂದಿನಲ್ಲಿ ಉಳಿದ ಗುಡಿಯ ಸ್ಥಿತಿಗತಿಯನ್ನು ಆ ಹಾದಿಗಳ ಪಟ್ಟಿಯಿಂದ ತೀರ್ಮಾನಿಸಲಾಗದು. ಅದಕ್ಕೆ ಗುಡಿಯ ದತ್ತಿ, ಇನಾಮುಗಳ ಮರಾಠಿ, ಕನ್ನಡ ಕಾಗದಗಳನ್ನೇ ಬಿಚ್ಚಿ ನೋಡಬೇಕು.