ಮಹಾಯುದ್ಧದ ಚರಿತ್ರೆ: ಆರೋಪಪಟ್ಟಿಯಿಂದ ಸಿಪಾಯಿಯ ಕಾಗದಕ್ಕೆ

ಮೊದಲನೆಯ ಮಹಾಯುದ್ಧದ ಚರಿತ್ರೆ ಹುಟ್ಟಿದ್ದೇ ಒಂದು ವ್ಯಾಜ್ಯವಾಗಿ. 1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ, ನಷ್ಟಕ್ಕೆಲ್ಲ ಜರ್ಮನಿ ಮತ್ತದರ ಮಿತ್ರರೇ ಹೊಣೆ ಎಂದಿತು. ಎರಡು ವರ್ಷದಲ್ಲಿ ಪರಿಹಾರದ ಮೊತ್ತವೂ ಗೊತ್ತಾಯಿತು: 13,200 ಕೋಟಿ ಚಿನ್ನದ ಮಾರ್ಕ್. ಹೊಣೆಯ ಪ್ರಶ್ನೆ ದುಡ್ಡಿನ ಪ್ರಶ್ನೆಯಾದ ಮೇಲೆ ಇತಿಹಾಸಕಾರರು ವಕೀಲರಂತೆ ಬರೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ಜಗಳದಿಂದ ಒಂದು ಲಾಭವಾಯಿತು. ತಾನು ನಿರ್ದೋಷಿ ಎಂದು ತೋರಿಸಲು ಜರ್ಮನಿ 1922ರಿಂದ 1927ರೊಳಗೆ ತನ್ನ ರಾಜತಾಂತ್ರಿಕ ಕಡತಗಳನ್ನು 40 ಸಂಪುಟಗಳಲ್ಲಿ ಅಚ್ಚುಹಾಕಿಸಿತು. ಬ್ರಿಟನ್, ಫ್ರಾನ್ಸ್, ಆಸ್ಟ್ರಿಯಾಗಳೂ ಸುಮ್ಮನಿರಲಿಲ್ಲ. ಅಮೆರಿಕದ ಸಿಡ್ನಿ ಫೇ ಅಷ್ಟರಲ್ಲಿ ಹೊರಬಂದಿದ್ದ ಕಡತಗಳನ್ನು ಓದಿ 1928ರಲ್ಲಿ ತಪ್ಪನ್ನು ಎಲ್ಲ ದೇಶಗಳಿಗೂ ಹಂಚಿದರು. ಎರಡೇ ವರ್ಷದಲ್ಲಿ ಅವರದೇ ದೇಶದ ಬರ್ನಡಾಟ್ ಶ್ಮಿಟ್ ಅದನ್ನು ಮರಳಿ ಜರ್ಮನಿಯ ತಲೆಗೇ ಕಟ್ಟಿದರು. ಮುಸೊಲಿನಿಯ ಆಳ್ವಿಕೆಯಲ್ಲಿ ಪತ್ರಿಕೆಯಿಂದ ಹೊರಬಿದ್ದ ಇಟಲಿಯ ಸಂಪಾದಕ ಲುಯಿಜಿ ಅಲ್ಬರ್ತಿನಿ ಯುದ್ಧದ ಮೂಲವನ್ನು, ಅದರಲ್ಲೂ ಯುದ್ಧಕ್ಕೆ ದಾರಿಯಾದ 1914ರ ಜುಲೈ ಬಿಕ್ಕಟ್ಟನ್ನು, ದಿನದಿನವೂ ಬಿಡದೆ ಬಗೆದು ಮೂರು ಸಂಪುಟ ಬರೆದರು. ಅವು ಅಚ್ಚಾದದ್ದು 1942-43ರಲ್ಲಿ, ಅವರು ತೀರಿಕೊಂಡ ಮೇಲೆ, ಇನ್ನೊಂದು ಮಹಾಯುದ್ಧದ ನಡುವೆ.

ದೊಡ್ಡ ಸ್ಫೋಟವಾದದ್ದು 1961ರಲ್ಲಿ. ಹ್ಯಾಂಬರ್ಗ್‌ನ ಪ್ರಾಧ್ಯಾಪಕ ಫ್ರಿಟ್ಸ್ ಫಿಷರ್ 1914ರ ಸೆಪ್ಟೆಂಬರ್ 9ರ ಒಂದು ಟಿಪ್ಪಣಿಯನ್ನು ಮುಂದಿಟ್ಟರು. ಪ್ರಧಾನಿ ಬೆಟ್‌ಮನ್ ಹೊಲ್‌ವೆಗ್ ಅವರ ಕಚೇರಿಯಲ್ಲಿ ತಯಾರಾದ ಆ ಕಾಗದದಲ್ಲಿ ಫ್ರಾನ್ಸಿನ ಬ್ರಿಯೆ ಪ್ರದೇಶದ ಕಬ್ಬಿಣದ ಅದಿರು ತಮಗೆ ಸೇರಬೇಕು, ಬೆಲ್ಜಿಯಂ ತಮ್ಮ ಅಡಿಯಾಳಾಗಬೇಕು ಎಂಬ ಬೇಡಿಕೆಗಳಿದ್ದವು. ಜರ್ಮನಿ ಬಯಸಿಯೇ ಯುದ್ಧಕ್ಕೆ ಇಳಿಯಿತು ಎಂದು ಜರ್ಮನ್ ಪ್ರಾಧ್ಯಾಪಕನೇ ಹೇಳಿದ್ದನ್ನು ಗೆರ್ಹಾರ್ಡ್ ರಿಟರ್‌ರಂಥ ಹಿರಿಯರಿಗೆ ಅರಗಿಸಿಕೊಳ್ಳಲಾಗಲಿಲ್ಲ. 1964ರಲ್ಲಿ ಫಿಷರ್ ಅವರ ಅಮೆರಿಕ ಉಪನ್ಯಾಸ ಪ್ರವಾಸಕ್ಕೆ ಸರ್ಕಾರ ಕೊಡಬೇಕಿದ್ದ ಹಣವೂ ನಿಂತಿತು. ಯುದ್ಧ ಶುರುವಾಗಿ ತಿಂಗಳಾದ ಮೇಲೆ ಬರೆದ ಬೇಡಿಕೆಪಟ್ಟಿ ಮೊದಲಿನ ಸಂಚಿಗೆ ಪುರಾವೆಯಾಗುವುದಿಲ್ಲ ಎಂದೇ ನನಗನ್ನಿಸುತ್ತದೆ. ಆದರೆ ರಾಯಭಾರಿಗಳ ತಂತಿಗಳಾಚೆ ಕಾರ್ಖಾನೆಯ ಒಡೆಯರು, ಬ್ಯಾಂಕಿನವರು, ಪಕ್ಷಗಳ ಕಡೆಗೂ ನೋಡುವಂತೆ ಮಾಡಿದವರು ಅವರು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಹೊಣೆಯನ್ನು ಮತ್ತೆ ಹಂಚಿದಾಗ ವಾದ ಹೆಚ್ಚುಕಡಿಮೆ ಫೇ ನಿಂತಿದ್ದ ಜಾಗಕ್ಕೇ ಬಂದಂತಾಯಿತು.

ಈ ಮಂತ್ರಿ-ರಾಯಭಾರಿಗಳ ಚರಿತ್ರೆಯಲ್ಲಿ ಸಿಪಾಯಿಗೆ ಜಾಗವಿರಲಿಲ್ಲ. ಹಿಂದೂಸ್ತಾನದಿಂದ ಸುಮಾರು 13 ಲಕ್ಷ ಜನ ಹೋಗಿದ್ದರು, 74,000ಕ್ಕೂ ಹೆಚ್ಚು ಮಂದಿ ಸತ್ತರು. ಅವರ ಮಾತು ಉಳಿದದ್ದು ಸರ್ಕಾರದ ಗುಮಾನಿಯ ದೆಸೆಯಿಂದ. ಫ್ರಾನ್ಸ್‌ನಲ್ಲಿದ್ದ ಸಿಪಾಯಿಗಳ ಟಪಾಲನ್ನು ಅಧಿಕಾರಿಗಳು ಒಡೆದು ಓದಿ, ಮುಖ್ಯ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ವರದಿ ಕಳಿಸುತ್ತಿದ್ದರು. ಕಾಗದ ಒಡೆಯುತ್ತಾರೆಂದು ಸಿಪಾಯಿಗಳಿಗೂ ಗೊತ್ತಿತ್ತು. ಹಾಗಾಗಿ ಕರಿಮೆಣಸು ಎಂದರೆ ಹಿಂದೂಸ್ತಾನಿ ಪಡೆ, ಕೆಂಪು ಮೆಣಸು ಎಂದರೆ ಬಿಳಿಯರ ಪಡೆ. ಕರಿಮೆಣಸು ಮುಗಿಯುತ್ತ ಬಂತು ಎಂದು ಬರೆದರೆ ಊರಿನವರಿಗೆ ಅರ್ಥವಾಗುತ್ತಿತ್ತು. ಅಧಿಕಾರಿಗೂ ಅರ್ಥವಾಯಿತು, ಅದಕ್ಕೇ ಅದು ವರದಿಯಲ್ಲಿದೆ! ಡೇವಿಡ್ ಒಮಿಸ್ಸಿ 1999ರಲ್ಲಿ ಈ ಕಾಗದಗಳನ್ನು ಆಯ್ದು ಪ್ರಕಟಿಸಿದ ಮೇಲೆ ಸಂಶೋಧನೆಯ ದಾರಿ ಅಗಲವಾಯಿತು. ಸಂತನು ದಾಸ್ ಕಾಗದಗಳ ಜೊತೆಗೆ ಹಾಡು, ಚಿತ್ರ, ಜರ್ಮನಿಯ ಸೆರೆಶಿಬಿರದಲ್ಲಿ ಧ್ವನಿಮುದ್ರಿಸಿದ ಕೈದಿಗಳ ಮಾತುಗಳನ್ನೂ ಆಧಾರವಾಗಿ ಹಿಡಿದರು.

ಆದರೂ ಈ ಆಧಾರಗಳು ಪೂರ್ತಿ ನಂಬುವಂಥವಲ್ಲ. ಸಿಪಾಯಿ ಹೇಳಿದ್ದನ್ನು ಎಷ್ಟೋ ಸಲ ಬೇರೊಬ್ಬ ಬರೆದ, ಇನ್ನೊಬ್ಬ ಅನುವಾದಿಸಿದ, ಮತ್ತೊಬ್ಬ ಆಯ್ದ. ಪಂಜಾಬಿನ ದನಿ ಅದರಲ್ಲಿ ದೊಡ್ಡದು. ಮೈಸೂರಿನವರ ಕಥೆ ಬೇರೆ: 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದಾಗ ಜೋಧಪುರದವರ ಜೊತೆಗಿದ್ದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್-ಪ್ಯಾಲೆಸ್ಟೈನ್ ಕಡೆಯ ಪಡೆ. ಫ್ರಾನ್ಸಿನ ಟಪಾಲು ಓದಿದವರ ಕಣ್ಣು ಅಲ್ಲಿಗೆ ಹೋಗಲಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಲ್ಯಾನ್ಸರ್‌ಗಳ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ. ಮೈಸೂರಿನ ಸವಾರರ ಚರಿತ್ರೆ ಬರೆಯುವವರು ಪಡೆಯ ದಿನಚರಿ, ಸಂಸ್ಥಾನದ ದಫ್ತರ, ಮನೆಮನೆಯ ಹಳೇ ಪೆಟ್ಟಿಗೆಗಳಿಂದಲೇ ಆರಂಭಿಸಬೇಕು.